ಗುಡ್ಡ ಹತ್ತುವ ಮುನ್ನ ಆಕಾಶವನ್ನು ಓದುವುದು
ತೋರಣಾ ಗಡದ ಪ್ರಯಾಣಕ್ಕೆ ಹೊರಡುವವರಿಗೆ ಕೆಲವು ಮಾತು

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳಿದವರೇ. ಆದರೆ ಅದರ ಅರ್ಥ ನಮಗೆ ತಿಳಿದದ್ದು ಎರಡು ವರ್ಷಗಳ ಹಿಂದೆ, ಅಕ್ಟೋಬರ್ ತಿಂಗಳ ನಡುವಿನ ಒಂದು ಭಾನುವಾರ. ವಾಚನಾಲಯದ ಒಂಬತ್ತು ಮಂದಿ ಸೇರಿ ತೋರಣಾ ಗಡಕ್ಕೆ ಹೋದೆವು. ಹೋದವರು ಒಂಬತ್ತು ಜನ. ಮರಳಿ ಬಂದವರೂ ಒಂಬತ್ತು ಜನವೇ. ಆದರೆ ಅವರಲ್ಲಿ ಒಬ್ಬನ ಬಲಗೈ ಮುರಿದಿತ್ತು.

ಈ ವರ್ಷ ಮತ್ತೆ ಪ್ರಯಾಣದ ಮಾತು ಬಂದಿದೆ. ವಿಮಾನ ನಗರ, ರಾಮವಾಡಿ, ಲೋಹಗಾಂವ ಕಡೆಯ ಅನೇಕ ತರುಣರು ಹೆಸರು ಕೊಡಲು ಮುಂದೆ ಬಂದಿದ್ದಾರೆ. ಆದಕಾರಣ ಹೋದ ಸಲ ನಾವು ಮಾಡಿದ ತಪ್ಪನ್ನೂ, ಆಮೇಲೆ ಓದಿ ಕೇಳಿ ತಿಳಿದುಕೊಂಡದ್ದನ್ನೂ ಇಲ್ಲಿ ಬರೆಯುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ. ನಾವು ಗಿರಣಿಯ ಲೆಕ್ಕದ ಮೇಜಿನಲ್ಲಿ ಕುಳಿತು ದುಡಿಯುವವರು, ಹವಾಮಾನದ ಪಂಡಿತರಲ್ಲ. ಲೆಕ್ಕ ತಪ್ಪಿದರೆ ಎಲ್ಲಿ ತಪ್ಪಿತೆಂದು ಹುಡುಕುವ ಅಭ್ಯಾಸವೊಂದೇ ನಮ್ಮ ಬಂಡವಾಳ.

ಅಂದು ನಡೆದದ್ದು

ತೋರಣಾ ಗಡ ಪುಣೆ ಜಿಲ್ಲೆಯ ಕೋಟೆಗಳಲ್ಲೆಲ್ಲ ಎತ್ತರವಾದುದು. ಸಮುದ್ರಮಟ್ಟದಿಂದ 1,403 ಮೀಟರ್. ಊರಿಂದ ನೈಋತ್ಯಕ್ಕೆ ಸುಮಾರು 60 ಕಿಲೋಮೀಟರ್. ಸಾತಾರಾ ಹೆದ್ದಾರಿ ಹಿಡಿದು ನಸರಾಪುರದ ಬಳಿ ಒಳಕ್ಕೆ ತಿರುಗಿದರೆ ಕೊನೆಗೆ ವೆಲ್ಹೆ ಎಂಬ ಊರು ಬರುತ್ತದೆ. ಅಲ್ಲಿಂದಲೇ ಕಾಲುದಾರಿ ಆರಂಭ. ನಮ್ಮ ವಿಜಯಪುರ ಕಡೆಯವರಿಗೆ ಈ ಕೋಟೆಯ ಕಥೆ ಬೇರೊಂದು ಕಾರಣಕ್ಕೂ ಹತ್ತಿರವಾದುದು. ವಿಜಯಪುರದ ಆದಿಲಶಾಹಿಯ ಕೈಯಲ್ಲಿದ್ದ ಇದನ್ನು ಶಿವಾಜಿ ಮಹಾರಾಜರು 1646ರಲ್ಲಿ, ಹದಿನಾರರ ಪ್ರಾಯದಲ್ಲಿ ಗೆದ್ದು, ಪ್ರಚಂಡಗಡವೆಂದು ಹೆಸರಿಟ್ಟರು. ಸಿಂಹಗಡದಂತೆ ಇಲ್ಲಿ ವಾಹನ ಮೇಲಿನವರೆಗೆ ಹೋಗುವುದಿಲ್ಲ. ರಜೆಯ ದಿನ ಬಿಟ್ಟರೆ ದಾರಿಯಲ್ಲಿ ಜನ ಕಡಿಮೆ. ಆ ಮೌನವೇ ನಮ್ಮನ್ನು ಎಳೆದದ್ದು.

ಅಂದು ಐದೂವರೆಗೆ ವಾಚನಾಲಯದ ಮುಂದೆ ಸೇರಬೇಕೆಂದು ಮಾತಾಗಿತ್ತು. ಇಬ್ಬರು ತಡವಾಗಿ ಬಂದರು. ಸ್ವಾರಗೇಟ್‌ನಲ್ಲಿ ಒಂದು ಬಸ್ಸು ತಪ್ಪಿತು. ವೆಲ್ಹೆಯಲ್ಲಿ ಇಳಿದು ಚಹಾ ಕುಡಿದು ಹತ್ತಲು ಶುರುಮಾಡಿದಾಗ ಹತ್ತೂವರೆ. ಚಹಾದಂಗಡಿಯ ಮುದುಕರು ನಮ್ಮ ಗುಂಪನ್ನು ನೋಡಿ, "ದುಪಾರಿ ವೀಜ ಯೇತೆ, ಲವಕರ ಉತರಾ" ಎಂದರು. ಮಧ್ಯಾಹ್ನ ಮಿಂಚು ಬರುತ್ತದೆ, ಬೇಗ ಇಳಿಯಿರಿ ಎಂದು ಅದರ ಅರ್ಥ. ತಲೆಯ ಮೇಲೆ ಬಟ್ಟೆ ಒಗೆದು ಹರವಿದಂಥ ನೀಲಿ ಆಕಾಶ. ನಾವು ನಕ್ಕು ಮುಂದೆ ನಡೆದೆವು. ಬೆಳಗಿನ ಪತ್ರಿಕೆಯಲ್ಲಿ ಪುಣೆಗೆ 'ಅಲ್ಲಲ್ಲಿ ಮೋಡ' ಎಂದಷ್ಟೇ ಇದ್ದುದನ್ನು ನಾವೇ ಓದಿದ್ದೆವಲ್ಲ!

ಮೇಲೆ ಮುಟ್ಟಿದಾಗ ಒಂದೂವರೆ. ಮೇಂಗಾಯಿ ದೇವಿಯ ಗುಡಿಯ ಬಳಿ ರೊಟ್ಟಿ ಬಿಚ್ಚಿ ಕುಳಿತೆವು. ಪಶ್ಚಿಮದಲ್ಲಿ ಹೂಕೋಸಿನ ಗಡ್ಡೆಯಂಥ ಬಿಳಿ ಮೋಡ ಏಳುತ್ತಿತ್ತು. ಊಟ ಮುಗಿಯುವುದರೊಳಗೆ ಅದು ಕಪ್ಪಾಗಿ ತಲೆಯ ಮೇಲೆ ಬಂದಿತ್ತು. ಗುಡುಗು ಆರಂಭವಾದ ಮೇಲೆ ನಾವು ಇಳಿಯಲು ಹೊರಟೆವು. ಬಿನಿ ದರವಾಜೆಯ ಕೆಳಗೆ ಬಂಡೆಯನ್ನು ಕಡಿದ ಮೆಟ್ಟಿಲುಗಳು, ಹಿಡಿಯಲು ಕಬ್ಬಿಣದ ಕಂಬಿಗಳು. ಮಿಂಚುವಾಗ ಕಬ್ಬಿಣ ಹಿಡಿಯಬಾರದು. ಹಿಡಿಯದಿದ್ದರೆ ಒದ್ದೆ ಬಂಡೆಯ ಮೇಲೆ ಕಾಲು ನಿಲ್ಲದು. ಈ ಇಕ್ಕಟ್ಟಿನಲ್ಲಿಯೇ ಯಾದಗಿರಿ ಕಡೆಯ ಹುಡುಗನೊಬ್ಬ ಜಾರಿ ಬಿದ್ದ. ಕೆಳಗೆ ಬಂದಾಗ ಕೊನೆಯ ಬಸ್ಸು ಹೋಗಿತ್ತು. ತರಕಾರಿಯ ಟೆಂಪೊ ಒಂದರಲ್ಲಿ ಕುಳಿತು ರಾತ್ರಿ ಹತ್ತಕ್ಕೆ ಪುಣೆ ಸೇರಿದೆವು.

ಅವನು ಕಟ್ಟಡದ ಕೆಲಸದವನು. ನಲವತ್ತು ದಿನ ಕೈಗೆ ಪ್ಲಾಸ್ಟರು. ನಲವತ್ತು ದಿನ ಕೂಲಿ ಇಲ್ಲ. ಸಂಘದ ಸದಸ್ಯರು ಕೈಲಾದಷ್ಟು ವಂತಿಗೆ ಹಾಕಿ ಕೊಟ್ಟೆವು. ಊರಿನಿಂದ ಅವನ ತಾಯಿ ಫೋನಿನಲ್ಲಿ ಕೇಳಿದ ಮಾತು ಮಾತ್ರ ನಮ್ಮ ಕಿವಿಯಲ್ಲಿ ಇನ್ನೂ ಇದೆ: "ಯಪ್ಪಾ, ಗುಡ್ಡಾ ನೋಡಾಕ ಹೋಗಿ ಕೈ ಮುರಕೊಂಡ್ಯೇನೋ? ನಿನ್ನ ಸಂಗಾಟ ದೊಡ್ಡವರು ಯಾರೂ ಇದ್ದಿದ್ದಿಲ್ಲೇನು?" ದೊಡ್ಡವರೆಂದು ಇದ್ದವರು ನಾವೇ.

ತಿಂಗಳ ಸಂಬಳದವನಿಗೆ ಒಂದು ದಿನದ ರಜೆ ಹೋಗಬಹುದು. ದಿನಗೂಲಿಯವನ ಕೈಯೇ ಅವನ ಹೊಲ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕೆಂದು ಬಿನ್ನಹ.

ಪುಣೆಯ ಮಳೆ ಬೇರೆ, ಘಟ್ಟದ ಮಳೆ ಬೇರೆ

ನಮ್ಮ ಮೊದಲನೆಯ ತಪ್ಪು ಪುಣೆಯ ಹವಾಮಾನವನ್ನು ಓದಿ ಘಟ್ಟಕ್ಕೆ ಹೋದದ್ದು. ಮುಂಗಾರಿನ ಗಾಳಿ ಅರಬ್ಬೀ ಸಮುದ್ರದಿಂದ ನೀರಿನ ಆವಿಯನ್ನು ಹೊತ್ತು ಬರುತ್ತದೆ. ಸಹ್ಯಾದ್ರಿ ಅಡ್ಡ ನಿಂತಿರುವುದರಿಂದ ಅದು ಮೇಲೇರಲೇಬೇಕು. ಮೇಲೇರಿದ ಗಾಳಿ ತಣ್ಣಗಾಗುತ್ತದೆ. ತಣ್ಣಗಾದ ಗಾಳಿ ಆವಿಯನ್ನು ಹಿಡಿದಿಟ್ಟುಕೊಳ್ಳಲಾರದೆ ಮಳೆಯಾಗಿ ಸುರಿಸುತ್ತದೆ. ಘಟ್ಟ ದಾಟಿ ಪೂರ್ವಕ್ಕೆ ಇಳಿಯುವಾಗ ಅದೇ ಗಾಳಿ ಬರಿಗೈಯಾಗಿರುತ್ತದೆ. ಆದ್ದರಿಂದಲೇ ಮಹಾಬಳೇಶ್ವರದಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರ್ ಮೀರಿ ಮಳೆಯಾದರೆ ಪುಣೆಯಲ್ಲಿ ಸುಮಾರು 700 ಮಿಲಿಮೀಟರ್ ಮಾತ್ರ. ನಮ್ಮಲ್ಲಿ ಆಗುಂಬೆಗೂ ವಿಜಯಪುರಕ್ಕೂ ಇರುವ ಅಂತರದಂತೆಯೇ ಇದು. ವಿಮಾನ ನಗರದಲ್ಲಿ ರಸ್ತೆ ಒಣಗಿದ್ದ ದಿನ ವೆಲ್ಹೆಯಲ್ಲಿ ಹಳ್ಳ ತುಂಬಿ ಹರಿಯುತ್ತಿದ್ದರೆ ಆಶ್ಚರ್ಯವಿಲ್ಲ.

ಎತ್ತರದ ಲೆಕ್ಕವೂ ಇದೆ. ಸಾವಿರ ಮೀಟರ್ ಏರಿದರೆ ಗಾಳಿಯ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಇಳಿಯುವುದು ಸಾಮಾನ್ಯ ನಿಯಮ. ಪುಣೆ ಇರುವುದು ಸುಮಾರು 560 ಮೀಟರ್ ಎತ್ತರದಲ್ಲಿ. ಗಡ 1,400 ಮೀಟರ್. ಎಂದರೆ ಮೇಲೆ ಐದು ಡಿಗ್ರಿಯಷ್ಟು ತಂಪು. ಇದು ಹಿತವೇ. ಆದರೆ ಅಂಗಿ ನೆಂದು ಗಾಳಿ ಬೀಸಿದರೆ ಆ ಐದು ಡಿಗ್ರಿ ಹಲ್ಲು ಕಟಕಟಿಸುವಂತೆ ಮಾಡುತ್ತದೆ. ಇನ್ನು ಕೆಳಗಿನಿಂದ ನೋಡುವವರಿಗೆ ಗುಡ್ಡಕ್ಕೆ ತಾಗಿದ ಮೋಡವಾಗಿ ಕಾಣುವುದೇ ಮೇಲಿರುವವರಿಗೆ ಮಂಜು. ಅದರೊಳಗೆ ಹತ್ತು ಹೆಜ್ಜೆ ಮುಂದಿರುವವನ ಬೆನ್ನು ಕಾಣಿಸದು. ತೋರಣಾ ವಿಸ್ತಾರವಾದ ಗಡ. ಝುಂಜಾರ ಮಾಚಿ, ಬುಧಲಾ ಮಾಚಿ ಎಂಬ ಎರಡು ಚಾಚುಗಳ ಅಂಚಿನಲ್ಲಿ ಕಡಿದಾದ ಕಮರಿ. ಮಂಜಿನಲ್ಲಿ ಅತ್ತ ಸುಳಿಯಲೇಬಾರದು.

ನಮ್ಮ ಮಳೆನಕ್ಷತ್ರಗಳೇ ಪಂಚಾಂಗ

ಒಕ್ಕಲುತನದ ಮನೆಯಿಂದ ಬಂದವರಿಗೆ ಮಳೆನಕ್ಷತ್ರಗಳ ಹೆಸರು ಹೇಳಿಕೊಡಬೇಕಾಗಿಲ್ಲ. ಪ್ರಯಾಣದ ದಿನ ಗೊತ್ತುಮಾಡಲೂ ಅವು ಒದಗುತ್ತವೆ.

ರೋಹಿಣಿ, ಮಿರಗ — ಮೇ ಕೊನೆಯಿಂದ ಜೂನ್ ಮೂರನೆಯ ವಾರದವರೆಗೆ. ಗುಡುಗು ಮಿಂಚಿನ ಕಾಲ. ಮಧ್ಯಾಹ್ನದ ಮೇಲೆ ಗುಡ್ಡದ ನೆತ್ತಿಯಲ್ಲಿರಬಾರದು.

ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ — ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ. ಹಗಲಿರುಳು ಬಿಡದ ಮಳೆ. ಬಂಡೆಗೆ ಪಾಚಿ ಕಟ್ಟುತ್ತದೆ, ಮಣ್ಣು ಸಡಿಲಾಗುತ್ತದೆ, ದರೆ ಕುಸಿಯುತ್ತದೆ. 2014ರ ಜುಲೈ 30ರಂದು ಇದೇ ಪುಣೆ ಜಿಲ್ಲೆಯ ಮಾಳಿಣ ಗ್ರಾಮ ಬೆಳಗಿನ ಹೊತ್ತು ಗುಡ್ಡದ ಮಣ್ಣಿನಡಿ ಹೂತುಹೋಯಿತು. 150ರಷ್ಟು ಜನ ಮಡಿದರು. ಹೊಸಬರ ಗುಂಪು ಈ ದಿನಗಳಲ್ಲಿ ತೋರಣಾಕ್ಕೆ ಹೋಗತಕ್ಕದ್ದಲ್ಲ.

ಮಘಾ, ಹುಬ್ಬಿ, ಉತ್ತರಿ — ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ. ಮಳೆ ಬಿಟ್ಟು ಬಿಟ್ಟು ಬರುತ್ತದೆ. ಗುಡ್ಡ ಹಸುರು, ಸೊಣಕಿ ಎಂಬ ಹಳದಿ ಹೂವು ಇಳಿಜಾರುಗಳನ್ನೆಲ್ಲ ತುಂಬುತ್ತದೆ. ನೋಡಲು ಸೊಗಸಾದ ಕಾಲ. ಆದರೆ ಬಂಡೆ ಇನ್ನೂ ಜಾರುತ್ತದೆ.

ಹಸ್ತ, ಚಿತ್ತಿ, ಸ್ವಾತಿ — ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ. ನಮ್ಮನ್ನು ಮೋಸಗೊಳಿಸಿದ ಕಾಲ ಇದೇ. ಬೆಳಗ್ಗೆ ನಿರ್ಮಲ ಆಕಾಶ, ಮಧ್ಯಾಹ್ನ ಸಿಡಿಲು. ಹಿರಿಯರು ಚಿತ್ತೆಯನ್ನು ಕುರುಡು ಚಿತ್ತೆ ಎಂದು ಸುಮ್ಮನೆ ಕರೆದಿಲ್ಲ; ಎಲ್ಲಿ ಸುರಿಯುತ್ತದೆಂದು ಅದಕ್ಕೇ ತಿಳಿಯದು.

ಸ್ವಾತಿ ಮುಗಿದ ಮೇಲೆ ಫೆಬ್ರುವರಿಯವರೆಗೆ ಹೊಸಬರಿಗೆ ಉತ್ತಮ ಕಾಲ. ನೆಲ ಒಣಗಿರುತ್ತದೆ, ಬಿಸಿಲು ಸೌಮ್ಯ, ಮಿಂಚು ಅಪರೂಪ. ಬೆಳಗಿನ ಚಳಿಗೆ ಒಂದು ಸ್ವೆಟರು ಸಾಕು. ಶಿವರಾತ್ರಿ ಕಳೆದ ಮೇಲೆ ಬಿಸಿಲೇ ಶತ್ರು. ಏಪ್ರಿಲ್‌ನಲ್ಲಿ ಪುಣೆಯ ಪಾದರಸ 40 ಡಿಗ್ರಿ ಮುಟ್ಟುವುದುಂಟು. ಏರುದಾರಿಯಲ್ಲಿ ನೆರಳು ಬಹಳ ಕಡಿಮೆ.

ಸರ್ಕಾರದ ಮುನ್ಸೂಚನೆಯನ್ನು ಓದುವ ಬಗೆ

ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ. ಅದರ ಮುಖ್ಯ ಕಚೇರಿ 1928ರಲ್ಲಿ ಸಿಮ್ಲಾದಿಂದ ಪುಣೆಗೆ ಬಂದಿತು. ಶಿವಾಜಿ ನಗರದ ಆ ಕಟ್ಟಡವನ್ನು ಜನ ಇಂದಿಗೂ ಸಿಮ್ಲಾ ಆಫೀಸ್ ಎಂದೇ ಕರೆಯುತ್ತಾರೆ. ಆ ಚೌಕಕ್ಕೂ ಅದೇ ಹೆಸರು. 1944ರಲ್ಲಿ ಮುಖ್ಯ ಕಚೇರಿ ದಿಲ್ಲಿಗೆ ಹೋದರೂ ಇಲ್ಲಿನ ಕೆಲಸ ನಿಂತಿಲ್ಲ. ದಿನವೂ ಬಸ್ಸಿನಲ್ಲಿ ಆ ಚೌಕ ದಾಟುವ ನಾವು ಅದರ ಉಪಯೋಗವನ್ನೇ ಪಡೆಯದಿದ್ದುದು ನಮ್ಮ ಎರಡನೆಯ ತಪ್ಪು.

ಇಲಾಖೆ ಜಿಲ್ಲೆಜಿಲ್ಲೆಗೂ ನಾಲ್ಕು ಬಣ್ಣಗಳಲ್ಲಿ ಎಚ್ಚರಿಕೆ ಕೊಡುತ್ತದೆ. ಹಸುರು ಎಂದರೆ ಎಚ್ಚರಿಕೆ ಏನೂ ಇಲ್ಲ. ಹಳದಿ ಎಂದರೆ ಗಮನವಿಡಿ. ಕಿತ್ತಳೆ ಎಂದರೆ ಸಿದ್ಧರಾಗಿರಿ. ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ. ಪುಣೆ ಜಿಲ್ಲೆಗೆ ಮಳೆಗಾಲದಲ್ಲಿ ನಗರಕ್ಕೊಂದು, ಘಟ್ಟ ಪ್ರದೇಶಕ್ಕೊಂದು ಎಚ್ಚರಿಕೆ ಬೇರೆಬೇರೆ ಬರುವುದುಂಟು. ನಾವು ನೋಡಬೇಕಾದದ್ದು ಘಟ್ಟದ್ದನ್ನು. ಬಣ್ಣ ನೋಡಿ ಸುಮ್ಮನಾಗದೆ ಅದರ ಕಾರಣವನ್ನೂ ಓದಬೇಕು: ಮಳೆಗೋ, ಗಾಳಿಗೋ, ಸಿಡಿಲಿಗೋ? ಸಿಡಿಲಿಗೆ ಕೊಟ್ಟ ಹಳದಿಯೂ ಗುಡ್ಡ ಹತ್ತುವವನಿಗೆ ಕೆಂಪಿನಂತೆಯೇ.

ಮಳೆಯ ಅಳತೆಯ ಮಾತುಗಳಿಗೂ ಗೊತ್ತಾದ ಅರ್ಥವಿದೆ. ಇಪ್ಪತ್ತನಾಲ್ಕು ಗಂಟೆಯಲ್ಲಿ 64.5 ಮಿಲಿಮೀಟರಿನಿಂದ 115.5ರವರೆಗೆ ಬಿದ್ದರೆ 'ಭಾರಿ', 115.6ರಿಂದ 204.4ರವರೆಗೆ 'ಅತಿ ಭಾರಿ'. ಅದರ ಮೇಲೆ 'ಅತ್ಯಂತ ಭಾರಿ'. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ನಾವು ಬಾಡಿಗೆಗೆ ಇರುವ ಹತ್ತಡಿ ಹತ್ತಡಿಯ ಖೋಲಿಯ ಮೇಲೆ 64.5 ಮಿಲಿಮೀಟರ್ ಬಿದ್ದರೆ ಸುಮಾರು ಆರುನೂರು ಲೀಟರ್. ಎಂದರೆ ದೊಡ್ಡ ಡ್ರಮ್ಮುಗಳಲ್ಲಿ ಮೂರು ಡ್ರಮ್ಮು. ಇಡೀ ಗುಡ್ಡದ ಮೇಲೆ ಬಿದ್ದ ನೀರೆಲ್ಲ ಕೆಲವೇ ಹಳ್ಳಗಳಲ್ಲಿ ಇಳಿಯಬೇಕಾಗಿದೆ ಎಂಬುದನ್ನು ಊಹಿಸಿಕೊಂಡರೆ ಸಾಕು.

2024ರ ಜೂನ್ 30ರಂದು ಲೋಣಾವಳದ ಭೂಶಿ ಅಣೆಕಟ್ಟಿನ ಬಳಿಯ ಝರಿಯಲ್ಲಿ ಪುಣೆಯ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಅವರಲ್ಲಿ ನಾಲ್ವರು ಮಕ್ಕಳು. ಮೇಲೆ ಬಿದ್ದ ಮಳೆ ಕೆಳಗೆ ನಿಂತವರಿಗೆ ಹೇಳಿ ಬರುವುದಿಲ್ಲ. ನೀರು ಕೆಂಪಾದರೆ, ಕಸಕಡ್ಡಿ ತೇಲಿಬಂದರೆ, ಸದ್ದು ದೊಡ್ಡದಾದರೆ ಆ ಕ್ಷಣವೇ ದಡ ಸೇರಬೇಕು. ಮೊಣಕಾಲು ಮುಳುಗುವ ಹರಿವನ್ನು ದಾಟಲೇಬಾರದು. ಮಳೆಗಾಲದಲ್ಲಿ ಜಿಲ್ಲಾಡಳಿತ ಕೋಟೆ, ಜಲಪಾತಗಳಿಗೆ ಪ್ರವೇಶ ನಿಷೇಧಿಸಿದಾಗ ಅದನ್ನು ಪಾಲಿಸಬೇಕಾದದ್ದು ದಂಡಕ್ಕೆ ಹೆದರಿ ಅಲ್ಲ, ಇಂಥ ಕಾರಣಕ್ಕೆ.

ಹೊರಡುವ ದಿನ ಬೆಳಗ್ಗೆ ಮುಂದಿನ ಮೂರು ಗಂಟೆಗಳ ಮುನ್ಸೂಚನೆಯನ್ನೂ ನೋಡಬೇಕು. ಪಾಷಾಣದಲ್ಲಿರುವ ಉಷ್ಣವಲಯ ಹವಾಮಾನ ಸಂಸ್ಥೆಯವರು 'ದಾಮಿನಿ' ಎಂಬ ಆ್ಯಪ್ ಸಿದ್ಧಪಡಿಸಿದ್ದಾರೆ. ನಾವು ನಿಂತ ಸ್ಥಳದ ಸುತ್ತ 20 ಮತ್ತು 40 ಕಿಲೋಮೀಟರ್ ಒಳಗಿನ ಸಿಡಿಲನ್ನು ಅದು ತಿಳಿಸುತ್ತದೆ. ಆದರೆ ಘಟ್ಟದಲ್ಲಿ ಸಿಗ್ನಲ್ ಎಲ್ಲ ಕಡೆ ಸಿಕ್ಕದು. ಅಲ್ಲಿ ಕಣ್ಣು ಕಿವಿಗಳೇ ಗತಿ.

ಕಣ್ಣು, ಕಿವಿ ಮತ್ತು ಎಣಿಕೆ

ಹನ್ನೊಂದು ಗಂಟೆಯೊಳಗೆ ಹೂಕೋಸಿನಂಥ ಮೋಡ ಮೇಲಕ್ಕೆ ಬೆಳೆಯತೊಡಗಿದರೆ ಅದು ಮೊದಲನೆಯ ಸೂಚನೆ. ಅದರ ತಲೆ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡಿದರೆ ಎರಡನೆಯದು. ಸೆಕೆ ನಿಂತು ಒಮ್ಮೆಲೇ ತಂಗಾಳಿ ಬೀಸಿದರೆ ಮೂರನೆಯದು. ನಾಲ್ಕನೆಯದಕ್ಕೆ ಕಾಯಬಾರದು.

ಮಿಂಚು ಕಂಡೊಡನೆ ಒಂದು, ಎರಡು ಎಂದು ಸೆಕೆಂಡು ಎಣಿಸಬೇಕು. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ಬೇಕು. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಇದೆ. ಅದು ನಮ್ಮನ್ನು ಮುಟ್ಟಬಲ್ಲ ದೂರ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಅಪಾಯ ಹೋಯಿತೆಂದು ತಿಳಿಯಬಾರದು. ನೆತ್ತಿ, ಬುರುಜು, ಧ್ವಜದ ಕಂಬ, ಒಂಟಿ ಮರ ಇವುಗಳಿಂದ ದೂರ ಸರಿಯಬೇಕು. ಗುಂಪಾಗಿ ಒತ್ತಿ ನಿಲ್ಲದೆ ಒಬ್ಬರಿಗೊಬ್ಬರು ಅಂತರ ಬಿಡಬೇಕು. ಇಳಿಯಲು ದಾರಿಯೇ ಇಲ್ಲದಿದ್ದರೆ ತಗ್ಗಿನಲ್ಲಿ ಪಾದಗಳೆರಡನ್ನೂ ಜೋಡಿಸಿ ಕುಕ್ಕರಗಾಲಿನಲ್ಲಿ ಕೂರಬೇಕು. ನೆಲಕ್ಕೆ ಮೈಚಾಚಿ ಮಲಗಬಾರದು. ಇದು ಕೊನೆಯ ಉಪಾಯವೇ ಹೊರತು ರಕ್ಷೆಯಲ್ಲ. ರಕ್ಷೆ ಇರುವುದು ಮಿಂಚಿಗೆ ಮೊದಲೇ ಕೆಳಗಿರುವುದರಲ್ಲಿ.

ಗಡಿಯಾರವನ್ನು ಹಿಂದಿನಿಂದ ಓದಬೇಕು

ನಮ್ಮ ಮೂರನೆಯ ತಪ್ಪು, ಎಲ್ಲಕ್ಕಿಂತ ದೊಡ್ಡದು, ಹೊತ್ತಿನ ಲೆಕ್ಕದ್ದು. ನಾವು ಹೊರಡುವ ಸಮಯದಿಂದ ಲೆಕ್ಕ ಹಾಕಿದೆವು. ಮರಳುವ ಸಮಯದಿಂದ ಹಾಕಬೇಕಿತ್ತು. ವೆಲ್ಹೆಯಿಂದ ಹತ್ತಲು ಹೊಸಬರಿಗೆ ಮೂರು ಗಂಟೆ ಬೇಕು, ಇಳಿಯಲು ಎರಡು ಗಂಟೆ. ಮಧ್ಯಾಹ್ನ ಎರಡಕ್ಕೆ ಕೆಳಗಿರಬೇಕಾದರೆ ಹನ್ನೆರಡಕ್ಕೆ ಇಳಿಯಲು ಹೊರಡಬೇಕು. ಮೇಲೆ ಎರಡು ಗಂಟೆ ಇರಬೇಕಾದರೆ ಹತ್ತಕ್ಕೆ ಮುಟ್ಟಿರಬೇಕು, ಬೆಳಗ್ಗೆ ಏಳಕ್ಕೆ ಹತ್ತಲು ತೊಡಗಿರಬೇಕು. ರಾಮವಾಡಿಯಿಂದ ಬೆಳಗಿನ ಮೊದಲ ಮೆಟ್ರೊ ಹಿಡಿದು ಸ್ವಾರಗೇಟ್‌ಗೆ ಹೋಗಿ ಬಸ್ಸು ಹಿಡಿದರೂ ಏಳಕ್ಕೆ ವೆಲ್ಹೆ ಸೇರುವುದಾಗದು. ಆದ್ದರಿಂದ ಶನಿವಾರ ಸಂಜೆಯೇ ಹೊರಟು ವೆಲ್ಹೆಯಲ್ಲಿ ಮಲಗುವುದು ಸರಿಯಾದ ಕ್ರಮ. ಬಸ್ಸಿನ ವೇಳೆ ಬದಲಾಗುತ್ತಿರುತ್ತದೆ. ಹೋಗುವ, ಬರುವ ಎರಡೂ ವೇಳೆಗಳನ್ನು ಮೊದಲೇ ಸ್ವಾರಗೇಟ್‌ನಲ್ಲಿ ಕೇಳಿ ಬರೆದುಕೊಳ್ಳಬೇಕು.

ಹನ್ನೆರಡು ಗಂಟೆ ಎಂಬುದು ಮುಟ್ಟಿದವರಿಗೂ ಮುಟ್ಟದವರಿಗೂ ಒಂದೇ. ಬಾಗಿಲು ಹತ್ತು ಮೆಟ್ಟಿಲು ದೂರವಿದ್ದರೂ ಹನ್ನೆರಡಾದರೆ ಹಿಂತಿರುಗಬೇಕು.

ಊರಿನವರನ್ನು ಕೇಳುವುದು

ವೆಲ್ಹೆಯಲ್ಲಿ ಇಳಿದವರು ಅಲ್ಲಿನ ಹಿರಿಯರೊಬ್ಬರನ್ನು ಮಾತನಾಡಿಸದೆ ಮುಂದೆ ಹೋಗಬಾರದು. ಮರಾಠಿ ಬಾರದವರು ಇಷ್ಟು ಕಲಿತರೆ ಸಾಕು: "ಕಾಕಾ, ಕಾಲ ಗಡಾವರ ಪಾಊಸ ಝಾಲಾ ಕಾ?" ನಿನ್ನೆ ಗಡದ ಮೇಲೆ ಮಳೆಯಾಯಿತೇ? "ವರ ಧುಕೆ ಆಹೇ ಕಾ?" ಮೇಲೆ ಮಂಜು ಇದೆಯೇ? ವೀಜ ಎಂದರೆ ಮಿಂಚು. ನಿಸರಡೆ ಎಂದರೆ ಜಾರುವುದು. ಅವರು ತಲೆ ಅಲ್ಲಾಡಿಸಿ ಬೇಡವೆಂದರೆ ಅದೇ ಆ ದಿನದ ಕೆಂಪು ಬಣ್ಣವೆಂದು ತಿಳಿಯಬೇಕು. ಜನವಿಲ್ಲದ ದಾರಿಗೆ ಇನ್ನೊಂದು ನಿಯಮ: ಎಷ್ಟು ಮಂದಿ ಹೋಗುತ್ತೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂಬುದನ್ನು ಚಹಾದಂಗಡಿಯಲ್ಲಿ ಹೇಳಿ ಹೋಗಬೇಕು, ಬಂದ ಮೇಲೆ ಬಂದೆವೆಂದೂ ಹೇಳಬೇಕು. ತುರ್ತು ಸಹಾಯಕ್ಕೆ 112, ಆಂಬ್ಯುಲೆನ್ಸಿಗೆ 108.

ಒಯ್ಯಬೇಕಾದವು ಹೆಚ್ಚೇನಿಲ್ಲ. ತಲೆಗೆ ಮೂರು ಲೀಟರ್ ನೀರು, ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ, ಉಪ್ಪು ಸಕ್ಕರೆಯ ಪೊಟ್ಟಣ. ಹಿಡಿತವಿರುವ ಬೂಟು, ರೇನ್‌ಕೋಟು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಣ ಅಂಗಿ, ಬ್ಯಾಟರಿ, ಸೀಟಿ. ಗಾಳಿಯಲ್ಲಿ ಛತ್ರಿ ನಿಲ್ಲುವುದಿಲ್ಲ, ಕೈಯೂ ಕಟ್ಟುತ್ತದೆ. ಅತ್ತರು ಹಚ್ಚಿಕೊಂಡು ಬರಬೇಡಿ, ಮೇಲೆ ಹೊಗೆ ಹಾಕಬೇಡಿ. ಕೋಟೆಯ ಕಲ್ಲುಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ.

ಕೊನೆಯ ಅರಿಕೆ

ಈ ಸಲದ ಪ್ರಯಾಣವನ್ನು ಸ್ವಾತಿ ಮಳೆ ಮುಗಿದ ಮೇಲೆ ಇಟ್ಟುಕೊಳ್ಳಬೇಕೆಂದು ನಿಶ್ಚಯಿಸಿದ್ದೇವೆ. ಹೊರಡುವ ಶನಿವಾರ ಮಧ್ಯಾಹ್ನ ಘಟ್ಟದ ಮುನ್ಸೂಚನೆಯನ್ನು ಓದಿ, ಹೋಗುವುದೋ ಬಿಡುವುದೋ ಎಂಬುದನ್ನು ವಾಚನಾಲಯದ ಕರಿಹಲಗೆಯ ಮೇಲೆ ಬರೆಯಲಾಗುವುದು. ಹಸುರಿದ್ದರೆ ಹೋಗುತ್ತೇವೆ. ಮಳೆಗೆ ಅಥವಾ ಸಿಡಿಲಿಗೆ ಹಳದಿ ಇದ್ದರೆ ಆ ಭಾನುವಾರ ವಾಚನಾಲಯದಲ್ಲೇ ಕುಳಿತು ಪುಸ್ತಕ ಓದೋಣ. ಯಾರೂ ಬೇಸರಪಡಬಾರದು. ಗಡ ಅಲ್ಲಿಯೇ ಇರುತ್ತದೆ. ಮುಂದಿನ ಭಾನುವಾರವೂ ಬರುತ್ತದೆ.

ಕೈ ಮುರಿದುಕೊಂಡ ಆ ಹುಡುಗ ಈಗ ಚೆನ್ನಾಗಿದ್ದಾನೆ. ಮೊದಲಿನಂತೆಯೇ ಕೆಲಸಕ್ಕೆ ಹೋಗುತ್ತಾನೆ. ಹೆಸರು ಬರೆಸಲು ಮೊದಲು ಬಂದವನೂ ಅವನೇ. "ಈ ಸಲ ಹನ್ನೆರಡು ಹೊಡೀತಂದ್ರ ನಾನs ಎಲ್ಲಾರನ್ನೂ ಕೆಳಗ ಕರಕೊಂಡು ಬರ್ತೀನ್ರೀ, ಅಣ್ಣಾರ" ಎಂದ. ಗಡಿಯಾರ ನೋಡುವ ಕೆಲಸವನ್ನು ಅವನಿಗೇ ಒಪ್ಪಿಸಿದ್ದೇವೆ.